ಹಿಮ್ಮಡಿಯ ದಾರ ಕಿತ್ತವರು: ಶ್ರೀಮತಿ ನೇವೆನಾ ತರ್ಪಾನೊವಾ

ಬಾಲ್ಕನ್ ಬೆಟ್ಟಸಾಲಿನ ದೂರದ ಓಟಗಳಲ್ಲಿ ಪಾದದ ಆರೈಕೆಗೆ ಓಟದ ತರಬೇತಿಯಷ್ಟೇ ಶಿಸ್ತು ಬೇಕೆಂಬ ಮಾತನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಮೂವತ್ತೈದು ವರ್ಷಗಳ ಹಿಂದೆ ಪರಿಸ್ಥಿತಿ ಹಾಗಿರಲಿಲ್ಲ. ಆಗ ಕಾಲಿನ ಬೊಬ್ಬೆ ನಗೆಯ ವಿಷಯವಾಗಿತ್ತು. ಅದನ್ನು ತೋರಿಸಿ ನರಳುವವನು ಓಟಗಾರನೇ ಅಲ್ಲವೆಂಬುದು ಸಂಘದ ಹಿರಿಯರ ತೀರ್ಪಾಗಿತ್ತು. ಆ ತೀರ್ಪನ್ನು ಬದಲಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಶ್ರೀಮತಿ ನೇವೆನಾ ತರ್ಪಾನೊವಾ ಅವರದು. ತ್ರೊಯಾನ್ ಪಟ್ಟಣದ ಚಿಕಿತ್ಸಾಲಯದ ಗಾಯ ಕಟ್ಟುವ ಕೋಣೆಯಲ್ಲಿ 1984ರಿಂದ ದುಡಿದ ಅವರು ಈ ಶರತ್ಕಾಲದಲ್ಲಿ ನಿವೃತ್ತರಾಗುತ್ತಿದ್ದಾರೆ. ಗಿರಿಪಥ ಓಟಗಾರರ ಸಂಘವು ಪ್ರತಿ ಮಾರ್ಚ್ ಕೊನೆಯಲ್ಲಿ ನಡೆಸುವ ಎರಡು ದಿನಗಳ ವಸಂತದ ಓಟದಲ್ಲಿ ಪಾದದ ಆರೈಕೆಯ ಹೊಣೆಯನ್ನೂ ಅದರೊಂದಿಗೆ ಬಿಟ್ಟುಕೊಡುತ್ತಿದ್ದಾರೆ.

ಅಭಿನಂದನ ಗ್ರಂಥದಲ್ಲಿ ಸಿಹಿ ಬಡಿಸುವುದು ವಾಡಿಕೆ. ಈ ಲೇಖನದಲ್ಲಿ ಕಹಿಯ ಪಾಲು ಹೆಚ್ಚಿದೆ, ಮತ್ತು ಅದನ್ನು ಕೇಳಿ ಹಾಕಿಸಿಕೊಂಡವರು ನೇವೆನಾ ಅವರೇ. ಸಂಪಾದಕರು ಮನೆಗೆ ಹೋದಾಗ ಅವರು ಕಾಫಿ ಕೊಟ್ಟು, ಕುಳಿತುಕೊಳ್ಳುವ ಮೊದಲೇ ಹೇಳಿದ್ದರು: "ಸ್ತಾಮೆನ್ ವಿಷಯ ಬಿಟ್ಟು ಬರೆಯೋದಾದ್ರೆ ನನ್ನ ಬಗ್ಗೆ ಬರೀಲೇಬೇಡಿ. ಹೂವು ಮುಡಿಸಿ ಕಳಿಸೋಕೆ ನಾನೇನು ಮದುವೆ ಹೆಣ್ಣಲ್ಲ."

ನೇವೆನಾ ಅವರ ತಂದೆ ಪಾದರಕ್ಷೆ ಕಾರ್ಖಾನೆಯಲ್ಲಿ ಮರದ ಅಚ್ಚಿನ ಮೇಲೆ ಚರ್ಮ ಎಳೆಯುವ ಕೆಲಸದಲ್ಲಿದ್ದರು. ಒಬ್ಬರ ಎರಡು ಪಾದಗಳು ಎಂದೂ ಒಂದೇ ಅಳತೆಯವಲ್ಲ, ಸಂಜೆಯ ಪಾದ ಬೆಳಗಿನ ಪಾದಕ್ಕಿಂತ ದೊಡ್ಡದು ಎಂಬಂಥ ಸಂಗತಿಗಳನ್ನು ಮಗಳು ಶಾಲೆಗೆ ಸೇರುವ ಮೊದಲೇ ಕಲಿತಿದ್ದಳು. ಶುಶ್ರೂಷಾ ತರಬೇತಿ ಮುಗಿಸಿ ಚಿಕಿತ್ಸಾಲಯಕ್ಕೆ ಸೇರಿದ ನಾಲ್ಕನೆಯ ವರ್ಷ ಸಂಘದವರು ಅವರನ್ನು ವಸಂತದ ಓಟಕ್ಕೆ ಕರೆದೊಯ್ದರು. ಕೊಟ್ಟದ್ದು ಒಂದು ಮುಕ್ಕಾಲಿ, ಒಂದು ಬೋಗುಣಿ, ಮೊಂಡಾದ ಒಂದು ಕತ್ತರಿ. ಬೆಟ್ಟದ ನೆತ್ತಿಯಲ್ಲಿ ಕರಗುವ ಹಿಮ, ಇಳಿಜಾರಿನಲ್ಲಿ ಕುರಿಹಿಕ್ಕೆ ಬೆರೆತ ಕೆಸರು. ಓಟಗಾರರ ಕಾಲು ಬೆಳಗಿನಿಂದ ಸಂಜೆಯವರೆಗೆ ಒದ್ದೆಯಾಗಿ, ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಚರ್ಮ ಸಡಿಲವಾಗುತ್ತಿತ್ತು. ಉಜ್ಜುವಿಕೆಗಿಂತ ಒದ್ದೆಯೇ ದೊಡ್ಡ ವೈರಿ ಎಂದು ಅವರು ಮೊದಲ ದಿನವೇ ಗುರುತಿಸಿದರು. ಮರುವರ್ಷ ಪ್ರತಿ ತಂಗುಮನೆಯಲ್ಲೂ ಒಣ ಕಾಲುಚೀಲಗಳ ಚೀಲ ಇರಬೇಕೆಂದು ಹಟ ಹಿಡಿದು ಇರಿಸಿದರು.

ಅವರು ಹೇಳಿಕೊಟ್ಟ ಪಾಠ ಸರಳವಾಗಿತ್ತು. ಉಗುರು ಗಿಡ್ಡವಿರಲಿ. ಶೂ ಬೆರಳ ಮುಂದೆ ಒಂದಿಷ್ಟು ಜಾಗ ಬಿಡಲಿ. ಚರ್ಮ ಬಿಸಿಯಾಗಿ ಉರಿಯತೊಡಗಿದ ಕ್ಷಣವೇ ನಿಲ್ಲಬೇಕು, ಕಲ್ಲಿದ್ದರೆ ಕೊಡವಬೇಕು, ಒರೆಸಿ ಒಣಗಿಸಿ ಸುಕ್ಕಿಲ್ಲದಂತೆ ಅಂಟುಪಟ್ಟಿ ಹಚ್ಚಬೇಕು. ಬೊಬ್ಬೆ ಎದ್ದ ಮೇಲೆ ಮಾಡುವ ಕೆಲಸಕ್ಕಿಂತ ಏಳುವ ಮೊದಲಿನ ಎರಡು ನಿಮಿಷದ ಕೆಲಸ ಮೇಲು. ನೋವಿಲ್ಲದ ಸಣ್ಣ ಗುಳ್ಳೆಯನ್ನು ಮುಟ್ಟಬಾರದು. ದೊಡ್ಡದಾಗಿ ಒತ್ತುವುದಾದರೆ ಕಾಲು ತೊಳೆದು, ಶುದ್ಧಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಬೇಕು. ಮೇಲಿನ ತೊಗಲನ್ನು ಕೀಳಬಾರದು, ಅದೇ ಒಳಗಿನ ಹಸಿ ಚರ್ಮದ ಹೊದಿಕೆ. ರಕಿಯಾ ಎಂಬ ಹಣ್ಣಿನ ಸಾರಾಯಿ ತಿಕ್ಕಿದರೆ ಪಾದ ಗಟ್ಟಿಯಾಗುತ್ತದೆಂದು ನಂಬಿದವರಿಗೆ ಅವರ ಉತ್ತರ ಒಂದೇ: "ಅದನ್ನ ಕುಡಿದುಬಿಡು. ಒಳಗೆ ಹೋದ್ರೆ ಕಡಿಮೆ ಕೇಡು."

ಇಷ್ಟೆಲ್ಲ ಒಪ್ಪಿಕೊಂಡ ಸಂಘ ಒಂದು ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ಸಂಘದ ಸ್ಥಾಪಕ ಓಗ್ನ್ಯಾನ್ ದಿಮ್ಚೆವ್ ಗಡಿಕಾವಲು ಪಡೆಯಲ್ಲಿ ಸೇವೆ ಸಲ್ಲಿಸಿದವರು. ಬೊಬ್ಬೆಗೆ ಸೂಜಿ ತೂರಿಸಿ, ದಾರವನ್ನು ಒಳಗೇ ಬಿಟ್ಟು, ನೀರು ತಾನಾಗಿ ಜಿನುಗಲಿ ಎನ್ನುವ ಹಳೆಯ ಸಿಪಾಯಿ ಪದ್ಧತಿಯನ್ನು ಅವರು ಅಲ್ಲಿಂದ ತಂದಿದ್ದರು. ಸಂಘದಲ್ಲಿ ಅದು ಇನ್ನೊಂದು ರೂಪ ಪಡೆಯಿತು. ಮಾರ್ಚ್ ಒಂದರಂದು ಎಲ್ಲರ ಮಣಿಕಟ್ಟಿಗೂ ಆರೋಗ್ಯ ಕೋರಿ ಕಟ್ಟುವ ಕೆಂಪು–ಬಿಳಿ ಉಣ್ಣೆದಾರ, ಮಾರ್ತೆನಿತ್ಸಾ, ಓಟದ ಹೊತ್ತಿಗೆ ಇನ್ನೂ ಕೈಯಲ್ಲೇ ಇರುತ್ತದೆ. ಮೊದಲ ಕೊಕ್ಕರೆಯನ್ನೋ ಮೊದಲು ಅರಳಿದ ಮರವನ್ನೋ ಕಾಣುವವರೆಗೆ ಬಿಚ್ಚುವಂತಿಲ್ಲ; ಕಂಡ ಮೇಲೆ ಬಿಚ್ಚಿ ಮರದ ಕೊಂಬೆಗೆ ಕಟ್ಟುತ್ತಾರೆ. ಓಟಗಾರರು ಆ ದಾರದಿಂದಲೇ ಒಂದು ಎಳೆ ಬಿಡಿಸಿ ಬೊಬ್ಬೆಗೆ ಪೋಣಿಸತೊಡಗಿದರು. ಆರೋಗ್ಯದ ದಾರ ಗಾಯದೊಳಗೇ ಇದ್ದರೆ ಇನ್ನೇನು ಭಯ? ಹಿಮ್ಮಡಿಯಿಂದ ಇಣುಕುವ ಕೆಂಪು ತುದಿ ಪದಕದಷ್ಟೇ ಗೌರವದ ಗುರುತಾಯಿತು. ಬೆವರು, ಬಣ್ಣ, ಅಡುಗೆಮನೆ, ಕೊಟ್ಟಿಗೆ ಎಲ್ಲವನ್ನೂ ತಿಂಗಳಿಡೀ ಹೀರಿಕೊಂಡ ಉಣ್ಣೆ ಅದು. ನೇವೆನಾ ಅವರು ಕಂಡಲ್ಲೆಲ್ಲ ಕೀಳುತ್ತಿದ್ದರು. ಓಟಗಾರರು ಮುಂದಿನ ತಿರುವಿನಲ್ಲಿ ಮತ್ತೆ ಪೋಣಿಸುತ್ತಿದ್ದರು.

1997ರ ಮಾರ್ಚ್. ಆ ಚಳಿಗಾಲದಲ್ಲಿ ದೇಶದ ಹಣಕ್ಕೆ ಬೆಲೆ ಇರಲಿಲ್ಲ, ಔಷಧದಂಗಡಿಗಳ ಕಪಾಟುಗಳು ಬರಿದಾಗಿದ್ದವು. ಸ್ತಾಮೆನ್ ಚಕಾಲೊವ್ ಆಗ ಮೂವತ್ತೆರಡು ವರ್ಷದ ಕುಂಬಾರ. ಎರಡು ಬಾರಿ ವಸಂತದ ಓಟ ಗೆದ್ದವರು. ಎರಡನೆಯ ದಿನ ಬೆಳಗ್ಗೆ ಅವರ ಬಲ ಹಿಮ್ಮಡಿಗೆ ಓಗ್ನ್ಯಾನ್ ತಮ್ಮ ಕೈಯಾರೆ ದಾರ ಹಾಕಿ ಕಳಿಸಿದ್ದರು. ಕೊನೆಯ ತಂಗುಮನೆಯಲ್ಲಿ ನೇವೆನಾ ಅವರು ಚಿಮಟ ಕೈಗೆತ್ತಿಕೊಂಡಾಗ ಸ್ತಾಮೆನ್ ಕಾಲು ಹಿಂದಕ್ಕೆಳೆದುಕೊಂಡರು.

"ಅಕ್ಕಾ, ಮುಟ್ಟಬೇಡ. ಕೊಕ್ಕರೆ ಇನ್ನೂ ಬಂದಿಲ್ಲ. ಈ ವರ್ಷ ಏನೆಲ್ಲ ಹೋಗಿದೆ ಅಂತ ನಿಂಗೊತ್ತು. ಇದೊಂದಾದ್ರೂ ಇರ್ಲಿ ಬಿಡು."

"ಸ್ತಾಮೆನ್, ಇದು ಕೊಳಕು ಉಣ್ಣೆ ಕಣೋ. ದೇವರಲ್ಲ."

"ನಂಗೊತ್ತು. ಆದ್ರೂ ಇರ್ಲಿ. ನಿಂಗೆ ಕೈ ಮುಗೀತೀನಿ."

ಆತ ನಿಜವಾಗಿಯೂ ಕೈ ಮುಗಿದರು. ನೇವೆನಾ ಅವರು ದಾರದ ತುದಿಗಳನ್ನು ಗಿಡ್ಡವಾಗಿ ಕತ್ತರಿಸಿ, ಮೇಲೆ ಶುಭ್ರವಾದ ಪಟ್ಟಿ ಕಟ್ಟಿ ಕಳಿಸಿದರು. ಪಟ್ಟಿ ಬಹಳ ಅಚ್ಚುಕಟ್ಟಾಗಿತ್ತೆಂದು ಅವರೇ ಹೇಳುತ್ತಾರೆ. ಸ್ತಾಮೆನ್ ಮೂರನೆಯವರಾಗಿ ಗುರಿ ಮುಟ್ಟಿದರು. ನಾಲ್ಕು ದಿನ ಕಳೆದು ಜ್ವರ ಬಂತು, ಶೀತವೆಂದುಕೊಂಡು ಮಲಗಿದರು. ಹೆಂಡತಿ ಹೇಳಿಕಳಿಸಿದಾಗ ನೇವೆನಾ ಅವರು ಓಡಿದರು. ಕೋಣೆಯ ಬಾಗಿಲಲ್ಲೇ ವಾಸನೆ ಬಂತು. ಹಿಮ್ಮಡಿ ಕಪ್ಪಗಾಗಿತ್ತು; ಕೆಂಪು ಗೆರೆ ಮೊಣಕಾಲಿನತ್ತ ಏರಿತ್ತು. ನೆರೆಯವರ ಕಾರಿನಲ್ಲಿ ಆಸ್ಪತ್ರೆ ಸೇರಿಸಿ, ಔಷಧಕ್ಕಾಗಿ ಊರಿಂದೂರಿಗೆ ಅಲೆದು ತಂದುಕೊಟ್ಟರು. ಔಷಧ ಸಿಕ್ಕಿತು, ಜೀವ ಉಳಿಯಿತು. ನಂಜು ಏರಿದ ಕಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಕುಂಬಾರಿಕೆಯ ಚಕ್ರವನ್ನು ಒದ್ದು ತಿರುಗಿಸುವ ಕಾಲು ಅದು.

ಆ ಬೇಸಿಗೆಯಲ್ಲಿ ನೇವೆನಾ ಅವರು ಚಿಕಿತ್ಸಾಲಯಕ್ಕೆ ಹೋಗುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಸ್ತಾಮೆನ್ ಅವರ ಗಾಯದ ಪಟ್ಟಿ ಬದಲಿಸಲು ಬೇರೆಯವರನ್ನು ಬಿಡಲೂ ಇಲ್ಲ. ಆಗ ಜೊತೆಗಿದ್ದವರು ನೆನೆಯುವಂತೆ, ಹಳೆಯ ಪಟ್ಟಿ ಬಿಚ್ಚುವಾಗ ಆತ ಗೋಡೆ ನೋಡುತ್ತಿದ್ದರು, ಈಕೆ ಗಾಯ ನೋಡುತ್ತಿದ್ದರು.

ಮರುವರ್ಷದ ಓಟಕ್ಕೆ ಮುನ್ನ ಸಂಘದ ಸಭೆಯಲ್ಲಿ ನೇವೆನಾ ಅವರು ಒಂದೇ ಬೇಡಿಕೆ ಇಟ್ಟರು. ಕೊನೆಯ ತಂಗುಮನೆಯಲ್ಲಿ ಪ್ರತಿಯೊಬ್ಬರೂ ಶೂ ಬಿಚ್ಚಿ ಪಾದ ತೋರಿಸಬೇಕು. ಓಡಬಾರದೆಂದು ತಾವು ಹೇಳಿದವರ ಓಟ ಅಲ್ಲಿಗೇ ಮುಗಿಯಬೇಕು. ಓಗ್ನ್ಯಾನ್ ದಿಮ್ಚೆವ್ ಮೇಜು ಕುಟ್ಟಿದರು.

"ಇದೇನು ಓಟವೋ, ಬಾಲವಾಡಿಯೋ? ಮೂಗು ಒರೆಸೋಕೂ ಒಬ್ಬರನ್ನ ಇಡೋಣ್ವಾ? ಗಡೀಲಿ ನಮಗೆ ಯಾವ ನರ್ಸಮ್ಮ ಇದ್ಲು?"

"ಗಡೀಲಿ ಕೊಳೆತ ಕಾಲುಗಳನ್ನ ನೀವು ಎಣಿಸ್ಲಿಲ್ಲ ಓಗ್ನ್ಯಾನ್ ಅಣ್ಣ. ಅದನ್ನ ಎಣಿಸ್ತಿದ್ದೋರು ಬೇರೆ."

"ಆ ದಾರ ಬಿಟ್ಟು ಕಳಿಸಿದ್ದು ಯಾರು? ನೀನೇ ಅಲ್ವೇನಮ್ಮಾ?"

"ನಾನೇ," ಎಂದರು ನೇವೆನಾ. "ಗೊತ್ತಿತ್ತು. ಕೀಳಬೇಕಿತ್ತು. ಕೀಳ್ಲಿಲ್ಲ. ಅದಕ್ಕೇ ಕೇಳ್ತಿರೋದು."

ಆಗ ಹಿಂದಿನ ಬೆಂಚಿನಿಂದ ಸ್ತಾಮೆನ್ ಎದ್ದು ನಿಂತರು. ಅವರು ಬರುತ್ತಾರೆಂದು ಯಾರೂ ನಿರೀಕ್ಷಿಸಿರಲಿಲ್ಲ. ಊರುಗೋಲನ್ನು ಕಂಕುಳಿಗೆ ಸರಿಯಾಗಿ ಸಿಕ್ಕಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಾನು ಇವಳ ಪರವಾಗಿ ಬಂದಿದ್ದೀನಿ ಅಂತ ಅಂದ್ಕೋಬೇಡಿ. ಇವಳ ಮೇಲೆ ನಂಗೆ ಸಿಟ್ಟಿದೆ. ಯಾಕೆ ಗೊತ್ತಾ? ನನ್ನ ಮಾತು ಕೇಳಿದ್ದಕ್ಕೆ. ಓಡ್ತಾ ಇರೋನ ತಲೆ ನೆಟ್ಟಗಿರಲ್ಲ. ಇನ್ಮೇಲೆ ಇವಳು ಯಾವನ ಮಾತನ್ನೂ ಕೇಳ್ಬೇಕಾಗಿರಬಾರ್ದು, ಹಾಗೆ ಮಾಡ್ಕೊಡಿ."

ನಿಯಮ ಅಂಗೀಕಾರವಾಯಿತು. ಓಗ್ನ್ಯಾನ್ ಕೈ ಎತ್ತಲಿಲ್ಲ, ವಿರೋಧಿಸಲೂ ಇಲ್ಲ. ನಿಧನರಾಗುವವರೆಗೂ ಅವರು ಆ ವಿಷಯ ಮತ್ತೆ ಎತ್ತಲಿಲ್ಲ. ಸ್ತಾಮೆನ್ ಆ ವರ್ಷದಿಂದ ತಂಗುಮನೆಯ ಬಾಗಿಲಲ್ಲಿ ಗಡಿಯಾರ ಹಿಡಿದು ಕೂರತೊಡಗಿದರು. ಪಾದ ಪರೀಕ್ಷೆಗೆ ಹಿಡಿಯುವ ಹೊತ್ತು ಓಟದ ಲೆಕ್ಕಕ್ಕೆ ಬಾರದಂತೆ ನೋಡುವುದು ಅವರ ಕೆಲಸ. ನೇವೆನಾ ಅವರನ್ನು ಕ್ಷಮಿಸಿದಿರಾ ಎಂದು ಈ ಗ್ರಂಥಕ್ಕಾಗಿ ಕೇಳಿದಾಗ ಅವರು ಕೊಟ್ಟ ಉತ್ತರವನ್ನು ಇದ್ದಂತೆಯೇ ಕೊಡುವುದು ಸರಿ: "ಇಲ್ಲ. ಅವಳೂ ಕೇಳಿಲ್ಲ. ಕೆಲಸ ಇತ್ತಲ್ಲ, ಮಾಡ್ಕೊಂಡು ಬಂದ್ವಿ."

ದಾರದ ಸಮಸ್ಯೆ ನಿಯಮದಿಂದ ತೀರುವಂಥದ್ದಾಗಿರಲಿಲ್ಲ. ಕೊಕ್ಕರೆ ಕಾಣದೆ, ಹೂವು ಕಾಣದೆ ಬಿಚ್ಚೆಂದರೆ ಯಾರು ಬಿಚ್ಚುತ್ತಾರೆ? ಬೆಟ್ಟದ ಊರುಗಳಲ್ಲಿ ಮಾರ್ಚ್ ಕೊನೆಗೂ ಮರಗಳು ಬರಿದಾಗಿಯೇ ಇರುತ್ತವೆ. ನೇವೆನಾ ಅವರು ಓಟಕ್ಕೆ ಕೆಲವು ವಾರ ಮೊದಲೇ ತಮ್ಮ ಹಿತ್ತಲಿನ ಪ್ಲಮ್ ಮರದ ಕೊಂಬೆಗಳನ್ನು ಕಡಿದು, ಗಾಯ ಕಟ್ಟುವ ಕೋಣೆಯ ಬೆಚ್ಚನೆಯ ಕಿಟಕಿಯಲ್ಲಿ ನೀರಿಗಿಟ್ಟರು. ಓಟದ ಬೆಳಗ್ಗೆ ಆ ಕೊಂಬೆಗಳು ಬಿಳಿಯಾಗಿ ಅರಳಿದ್ದವು. ಅವುಗಳನ್ನು ಆರಂಭದ ಗೆರೆಯ ಬಳಿ ಬಕೆಟ್ಟಿನಲ್ಲಿ ನಿಲ್ಲಿಸಿ, "ಹೂವು ನೋಡಿದ್ರಲ್ಲ? ಬಿಚ್ಚಿ ಇಲ್ಲಿ ಕಟ್ಟಿ" ಎಂದರು. ಇದು ಮೋಸವೆಂದು ಕೆಲವರು ಗೊಣಗಿದರು. ಒಬ್ಬ ಮುದುಕಿ ಮುಂದೆ ಬಂದು ಹೂವನ್ನು ಮೂಸಿ, "ಹೂವು ಹೂವೇ, ಕಿಟಕೀಲಿ ಅರಳಿದ್ರೇನು" ಎಂದು ತನ್ನ ದಾರ ಬಿಚ್ಚಿ ಕಟ್ಟಿದ ಮೇಲೆ ಸಾಲು ನಿಂತಿತು. ಅಂದಿನಿಂದ ಅರಳಿದ ಕೊಂಬೆಯಿಲ್ಲದೆ ವಸಂತದ ಓಟ ಶುರುವಾಗಿಲ್ಲ.

ಈ ವರ್ಷಗಳಲ್ಲಿ ಅವರ ಕೈಯಿಂದ ಉಪಕಾರ ಪಡೆದವರು ಅನೇಕರು. ಪ್ಲೋವ್ದಿವ್‌ನಿಂದ ಬರುತ್ತಿದ್ದ ಒಬ್ಬ ಬಡ ಓಟಗಾರನ ಹರಿದ ಶೂ ಒಳಗೆ ಹಿಮ್ಮಡಿ ಉಜ್ಜದಂತೆ ತಂದೆಯ ಹಳೆಯ ಸಲಕರಣೆಗಳಿಂದ ತೆಳು ಚರ್ಮ ಹೊಲಿದುಕೊಟ್ಟರು. ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟು ಓಡುತ್ತಿದ್ದ ಶಾಲಾ ಶಿಕ್ಷಕರೊಬ್ಬರ ಪಾದಕ್ಕೆ ಸ್ಪರ್ಶವೇ ತಿಳಿಯುತ್ತಿಲ್ಲವೆಂದು ಕಂಡುಹಿಡಿದು, ಮನೆಯವರೆಗೆ ಹೋಗಿ ಹೆಂಡತಿಗೆ ಹೇಳಿಬಂದರು. ಆ ಶಿಕ್ಷಕರು ಎರಡು ವರ್ಷ ಅವರನ್ನು ಕಂಡರೆ ರಸ್ತೆ ದಾಟುತ್ತಿದ್ದರು. ನಿಯಮಕ್ಕೂ ತನ್ನದೇ ಬೆಲೆ ಇತ್ತು. "ತಡೆಯೋ ಅಧಿಕಾರ ಸಿಕ್ಕ ದಿನದಿಂದ ಬೊಬ್ಬೆಗಳು ನನ್ನಿಂದ ಬಚ್ಚಿಟ್ಕೊಂಡ್ವು" ಎಂದು ಅವರೇ ಒಪ್ಪುತ್ತಾರೆ. ಮೊದಲು ನಗುತ್ತಾದರೂ ಕಾಲು ಚಾಚುತ್ತಿದ್ದವರು ಆಮೇಲೆ ಸುಳ್ಳು ಹೇಳಲು ಕಲಿತರು.

ಈ ಮಾರ್ಚಿನಲ್ಲಿ ಅದೇ ಆಯಿತು. ಇದು ನೇವೆನಾ ಅವರ ಕೊನೆಯ ವಸಂತದ ಓಟ. ಸಂಘದ ರಾಲಿತ್ಸಾ ಬೆಲ್ಚೆವಾ, ಇಪ್ಪತ್ನಾಲ್ಕರ ಯುವತಿ, ಎರಡನೆಯ ದಿನ ಎಲ್ಲ ಮಹಿಳೆಯರಿಗಿಂತ ಬಹಳ ಮುಂದಿದ್ದರು. ಈ ಓಟ ಗೆದ್ದವರಿಗೆ ದೇಶದ ತಂಡದಲ್ಲಿ ಸ್ಥಾನ ಎಂಬುದು ಮೊದಲೇ ನಿಶ್ಚಯವಾಗಿತ್ತು. ಆರು ವರ್ಷಗಳಿಂದ ಆಕೆ ಅದೊಂದಕ್ಕೇ ಬದುಕಿದ್ದರು. ಕೊನೆಯ ತಂಗುಮನೆಯಲ್ಲಿ ಸ್ತಾಮೆನ್ ಗಡಿಯಾರ ಒತ್ತಿ ನಿಲ್ಲಿಸಿದರು.

"ಶೂ ಬಿಚ್ಚು."

"ಬಿಚ್ಚಿದ್ರೆ ಮತ್ತೆ ಹಾಕೋಕಾಗಲ್ಲ ಚಿಕ್ಕಪ್ಪ, ಕಾಲು ಊದಿದೆ. ಕೆಳಗೆ ಹೋಗಿ ತೋರಿಸ್ತೀನಿ."

"ನಿನ್ನ ಒಂದು ಸೆಕೆಂಡನ್ನೂ ನಾನು ನುಂಗಲ್ಲ. ಬಿಚ್ಚು."

"ಹಿಂದಿನೋಳು ಬಂದ್ಬಿಡ್ತಾಳೆ!"

"ಬರ್ಲಿ, ಅವಳ್ದೂ ಬಿಚ್ಚಿಸ್ತೀನಿ. ಎರಡೂ ಕಾಲು ತೋರ್ಸು. ಒಂದೇ ಸಾಕು ಅನ್ನೋಕೆ ನೀನೇನು ನನ್ನ ಹಾಗಾ?"

ರಾಲಿತ್ಸಾ ನಗಲಿಲ್ಲ. ನೇವೆನಾ ಅವರು ಮುಕ್ಕಾಲಿ ಎಳೆದು ಕುಳಿತು ಕಾಲುಚೀಲವನ್ನು ನಿಧಾನವಾಗಿ ಸುರುಳಿಯಾಗಿ ಇಳಿಸಿದರು. ಎಡ ಹಿಮ್ಮಡಿಯ ಬೊಬ್ಬೆಯೊಳಗೆ ಉಣ್ಣೆಯ ಎಳೆಯೊಂದು ಹೂತುಹೋಗಿತ್ತು. ಸುತ್ತ ಕೀವು. ಅಲ್ಲಿಂದ ಹೊರಟ ಕೆಂಪು ಗೆರೆ ಕಣಕಾಲು ದಾಟಿ ಮೀನಖಂಡಕ್ಕೆ ಏರಿತ್ತು. ಓಟಕ್ಕೆ ಕೆಲವು ದಿನ ಮುನ್ನ ತರಬೇತಿಯಲ್ಲಿ ಎದ್ದ ಬೊಬ್ಬೆ ಅದು. ತೋರಿಸಿದರೆ ಓಡಲು ಬಿಡುವುದಿಲ್ಲವೆಂದು ಹೆದರಿ ಆಕೆ ತಾನೇ ದಾರ ಹಾಕಿಕೊಂಡು, ಮಣಿಕಟ್ಟಿನಲ್ಲಿ ಉಳಿದದ್ದನ್ನು ಮಾತ್ರ ಅರಳಿದ ಕೊಂಬೆಗೆ ಕಟ್ಟಿ ಹೊರಟಿದ್ದರು.

"ಯಾವಾಗ ಹಾಕ್ಕೊಂಡೆ?"

"ಮಂಗಳವಾರ. ಚಿಕ್ಕಮ್ಮಾ, ಇನ್ನಿರೋದು ಬರೀ ಇಳಿಜಾರು. ಗುರಿ ಮುಟ್ಟಿದ ತಕ್ಷಣ ಆಸ್ಪತ್ರೆಗೆ ನಾನೇ ಹೋಗ್ತೀನಿ. ಅಮ್ಮನ ಆಣೆ."

"ಇಲ್ಲ."

"ಒಂದೇ ಒಂದು ಗಂಟೆ! ಒಂದು ಗಂಟೇಲಿ ಏನಾಗ್ಬಿಡುತ್ತೆ?"

"ಗೊತ್ತಿಲ್ಲ. ಮೈ ಸುಡ್ತಿದೆ ನಿನ್ಗೆ. ಓಟ ಮುಗೀತು."

ಆಗ ರಾಲಿತ್ಸಾ ಕೂಗಿದ ಮಾತನ್ನು ತಂಗುಮನೆಯಲ್ಲಿದ್ದವರೆಲ್ಲ ಕೇಳಿದರು. "ಇವರ ಕಾಲು ತಿಂದೋರು ನೀವು! ಆ ಪಾಪ ತೊಳ್ಕೊಳ್ಳೋಕೆ ನನ್ನ ಬಲಿ ಕೊಡ್ತಿದ್ದೀರಾ!"

ಸ್ತಾಮೆನ್ ಬಾಗಿಲ ಕಡೆ ತಿರುಗಿದರು. ನೇವೆನಾ ಅವರು ಚಿಮಟವನ್ನು ಶುದ್ಧಮಾಡಿ ಕೈಗೆತ್ತಿಕೊಂಡರು.

"ಇರಬಹುದಮ್ಮ," ಎಂದರು. "ಕಾಲು ಅಲ್ಲಾಡಿಸಬೇಡ."

ದಾರ ಹೊರಬಂತು. ಅರಣ್ಯ ಇಲಾಖೆಯ ವಾಹನದಲ್ಲಿ ರಾಲಿತ್ಸಾರನ್ನು ಕೆಳಗಿಳಿಸಿದರು. ಎರಡು ಬಾರಿ ಹಿಮ್ಮಡಿ ಕೊಯ್ದು ಶುದ್ಧಮಾಡಬೇಕಾಯಿತು. ಬಹಳ ದಿನ ಆಸ್ಪತ್ರೆಯಲ್ಲಿದ್ದರು. ಕಾಲು ಉಳಿಯಿತು. ತಂಡದ ಸ್ಥಾನ ಎರಡನೆಯವರ ಪಾಲಾಯಿತು. ಇನ್ನೊಂದು ಗಂಟೆ ಓಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಶಸ್ತ್ರವೈದ್ಯರು ಉತ್ತರ ಕೊಡಲು ಒಪ್ಪಲಿಲ್ಲ. ಕಾಲು ಹೋಗುತ್ತಿತ್ತೆಂದೂ ಅನ್ನಲಿಲ್ಲ, ಏನೂ ಆಗುತ್ತಿರಲಿಲ್ಲವೆಂದೂ ಅನ್ನಲಿಲ್ಲ. ಹೀಗಾಗಿ ನೇವೆನಾ ಅವರು ಸರಿಯೆಂದು ಸಾಬೀತು ಮಾಡುವ ಸಾಕ್ಷ್ಯ ಎಲ್ಲೂ ಇಲ್ಲ. ಉಳಿದ ಕಾಲು ತಾನು ಅಪಾಯದಲ್ಲಿತ್ತೆಂದು ಹೇಳುವುದಿಲ್ಲ. ಕಾಲು ಕಳೆದುಕೊಂಡ ಸ್ತಾಮೆನ್ ಅವರಿಗೂ ಕಾಲು ಉಳಿದ ರಾಲಿತ್ಸಾ ಅವರಿಗೂ ಇರುವ ವ್ಯತ್ಯಾಸ ನೋಡಿದವರಿಗೆ ಕಾಣುತ್ತದೆ. ರಾಲಿತ್ಸಾ ಅವರಿಗೆ ಕಾಣಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಈ ಗ್ರಂಥಕ್ಕೆ ನಾಲ್ಕು ಸಾಲು ಬರೆಯಿರೆಂದು ಸಂಪಾದಕರು ಕೇಳಿದಾಗ ಆಕೆ ಬಾಗಿಲಲ್ಲೇ ನಿಂತು, "ನಂಗೆ ಬರೆಯೋದೇನೂ ಇಲ್ಲ. ಅವರ ಹೆಸರು ಹೇಳ್ಕೊಂಡು ಈ ಮನೆಗೆ ಬರ್ಬೇಡಿ" ಎಂದರು.

ಇದನ್ನು ತಿಳಿಸಿದಾಗ ನೇವೆನಾ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಾಗಿಲಿಗೆ ನಡ್ಕೊಂಡು ಬಂದಳಾ? ಕೋಲಿಲ್ದೆ?"

ಕಳೆದ ತಿಂಗಳಿನಿಂದ ರಾಲಿತ್ಸಾ ಮತ್ತೆ ಓಡುತ್ತಿದ್ದಾರೆ. ನದಿಯ ದಂಡೆಯ ರಸ್ತೆಗೆ ಹೋಗಲು ನೇವೆನಾ ಅವರ ಮನೆಯ ಮುಂದಿನ ಏರನ್ನೇ ಹತ್ತಬೇಕು. ಆಕೆ ಆ ಮನೆಯತ್ತ ತಲೆ ತಿರುಗಿಸುವುದಿಲ್ಲ. ನೇವೆನಾ ಅವರು ಬೇಲಿಯಾಚೆಯಿಂದ ಆಕೆಯ ಹೆಜ್ಜೆ ನೋಡುತ್ತಾರೆ. ಎಡ ಹಿಮ್ಮಡಿ ಇನ್ನೂ ಪೂರ್ತಿ ಊರುತ್ತಿಲ್ಲ, ಶೂ ಹಿಂಭಾಗ ಬಿಗಿಯಿರಬೇಕು ಎಂದು ಪಕ್ಕದವರಿಗೆ ಹೇಳುತ್ತಾರೆ. ಹೇಳಿಕಳಿಸುವ ದಾರಿ ಅವರಿಗಿಲ್ಲ.

ಮುಂದಿನ ಮಾರ್ಚಿನಿಂದ ಹೊಸಬರಿಗೆ ಪಾದ ನೋಡುವುದನ್ನು ಕಲಿಸಲು ಅವರು ಒಪ್ಪಿದ್ದಾರೆಂಬುದು ಸಂಘದ ಭಾಗ್ಯ. ಅವರಿಗೆ ದೀರ್ಘಾಯುಷ್ಯವಿರಲಿ, ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ. ಅವರ ಮೇಲಿನ ಸಿಟ್ಟು ತೀರದೆ, ತಮ್ಮದೇ ಎರಡು ಕಾಲುಗಳ ಮೇಲೆ, ಮುಖ ತಿರುಗಿಸಿಕೊಂಡು ಅವರ ಮನೆಯ ಮುಂದೆ ಓಡಿಹೋಗುವವರು ವರ್ಷವರ್ಷವೂ ಹೆಚ್ಚಲಿ.